ಶಬ್ದವೇಧಿಯ ಕಿವಿ: ಶ್ರವಣದಿಂದ ದಿಕ್ಕನ್ನರಿಯುವ ಬಗೆ

ಕಣ್ಣಿಗೆ ಕಾಣದ ಗುರಿಯನ್ನು ಅದರ ಸದ್ದಿನಿಂದಲೇ ಅರಿತು ಹೊಡೆಯಬಲ್ಲ ಬಿಲ್ಲಾಳನ್ನು ನಮ್ಮ ಪೂರ್ವಿಕರು ಶಬ್ದವೇಧಿಯೆಂದು ಕರೆದರು. ಈ ಮಾತು ನಮ್ಮ ಕಾವ್ಯಪುರಾಣಗಳಲ್ಲಿ ಹಲವೆಡೆ ಬರುವುದಾದರೂ ಎರಡು ಸ್ಥಳಗಳು ಮುಖ್ಯವಾದುವು. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ದಶರಥನು ಪ್ರಾಣಬಿಡುವ ರಾತ್ರಿ ಕೌಸಲ್ಯೆಗೆ ತನ್ನ ಯೌವನದ ಪಾಪವೊಂದನ್ನು ಹೇಳಿಕೊಳ್ಳುವನು: ಸರಯೂತೀರದ ಕತ್ತಲಲ್ಲಿ ಕೊಡಕ್ಕೆ ನೀರು ತುಂಬುವ ಸದ್ದನ್ನು ಕೇಳಿ, ಅದನ್ನು ಆನೆಯ ಸದ್ದೆಂದು ಬಗೆದು ಬಾಣವನ್ನು ಬಿಟ್ಟನು, ಬಾಣವು ತಾಪಸಕುಮಾರನಿಗೆ ನಾಟಿತು. ಮಹಾಭಾರತದ ಆದಿಪರ್ವದಲ್ಲಿ ಬೊಗಳುತ್ತಿದ್ದ ನಾಯಿಯ ಬಾಯನ್ನು ಏಕಲವ್ಯನು ಏಳು ಬಾಣಗಳಿಂದ ಮುಚ್ಚಿದಾಗ ಪಾಂಡವರು ಮೆಚ್ಚಿದುದು ಎರಡು ಗುಣಗಳನ್ನು: ಒಂದು ಕೈಯ ಲಾಘವ, ಇನ್ನೊಂದು ಶಬ್ದವೇಧಿತ್ವ. ಪಾಠ ಹೇಳುವವರು ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಅತಿಶಯೋಕ್ತಿಯೆಂದು ಹೇಳಿ ಮುಂದೆ ಸಾಗುವರು. ಅದು ಎಷ್ಟರಮಟ್ಟಿಗೆ ಅತಿಶಯ, ಎಷ್ಟರಮಟ್ಟಿಗೆ ದಿಟ ಎಂಬುದನ್ನು ಇಂದಿನ ಶ್ರವಣಶಾಸ್ತ್ರದ ಸಹಾಯದಿಂದ ಪರೀಕ್ಷಿಸುವುದೂ, ಆ ತಿಳಿವಳಿಕೆಯು ನಮ್ಮ ಬಯಲಾಟ, ತಾಳಮದ್ದಳೆ, ಮೌಖಿಕಕಾವ್ಯಗಳ ಸಂಗ್ರಹಕಾರ್ಯಕ್ಕೆ ಹೇಗೆ ಒದಗಬಲ್ಲುದೆಂಬುದನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶವು.

ದಶರಥನ ಕಥೆಯಲ್ಲಿ ಮೊದಲು ಗಮನಿಸತಕ್ಕ ವಿಷಯವೊಂದುಂಟು. ಆತನ ಬಾಣವು ಗುರಿ ತಪ್ಪಲಿಲ್ಲ. ಸದ್ದು ಎಲ್ಲಿಂದ ಬಂದಿತೆಂಬುದನ್ನು ಆತನ ಕಿವಿಯು ಸರಿಯಾಗಿಯೇ ಹೇಳಿತು. ಅದು ಯಾವುದರ ಸದ್ದೆಂಬುದರಲ್ಲಿ ಮೋಸಹೋಯಿತು. ‘ಎಲ್ಲಿ’ ಎಂಬುದೂ ‘ಏನು’ ಎಂಬುದೂ ಶ್ರವಣಕ್ಕೆ ಎರಡು ಬೇರೆ ಪ್ರಶ್ನೆಗಳು. ಇವೆರಡನ್ನೂ ಮಿದುಳು ಬಹುಮಟ್ಟಿಗೆ ಬೇರೆ ಬೇರೆ ದಾರಿಗಳಲ್ಲಿ ಬಿಡಿಸುವುದೆಂದು ಈಚಿನ ದಶಕಗಳಲ್ಲಿ ಕೋತಿಗಳ ಮೇಲೂ ಮನುಷ್ಯರ ಮೇಲೂ ನಡೆದ ಅಧ್ಯಯನಗಳು ಸೂಚಿಸಿವೆ. ಒಂದರಲ್ಲಿ ನಿಪುಣನಾದವನು ಇನ್ನೊಂದರಲ್ಲಿ ಎಡವಬಹುದು. ಆದಿಕವಿಯು ಇಡೀ ದುರಂತವನ್ನು ಈ ಎರಡರ ನಡುವಣ ಬಿರುಕಿನಲ್ಲಿ ಇಟ್ಟಿರುವುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಇನ್ನು ‘ಎಲ್ಲಿ’ ಎಂಬುದರ ವಿಚಾರ. ಕಣ್ಣಿಗೆ ಈ ಪ್ರಶ್ನೆ ಸುಲಭವಾದುದು. ಏಕೆಂದರೆ ಕಣ್ಣಿನ ಹಿಂಪರದೆಯ ಮೇಲೆ ಲೋಕದ ಚಿತ್ರವೇ ಬೀಳುವುದು, ಎಡಗಡೆಯ ವಸ್ತುವಿಗೆ ಒಂದು ಎಡೆ, ಬಲಗಡೆಯದಕ್ಕೆ ಇನ್ನೊಂದು ಎಡೆ. ಕಿವಿಯಲ್ಲಿ ಹಾಗಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿರುವ ನಾಳವು ಸದ್ದನ್ನು ಅದರ ಶ್ರುತಿಗನುಸಾರವಾಗಿ ವಿಂಗಡಿಸುವುದೇ ಹೊರತು ದಿಕ್ಕಿಗನುಸಾರವಾಗಿ ಅಲ್ಲ. ಪೂರ್ವದಿಂದ ಬಂದ ಷಡ್ಜವೂ ಪಶ್ಚಿಮದಿಂದ ಬಂದ ಷಡ್ಜವೂ ಅಲ್ಲಿ ಒಂದೇ ಎಡೆಯನ್ನು ಅಲುಗಿಸುವುವು. ಆದಕಾರಣ ದಿಕ್ಕೆಂಬುದು ಕಿವಿಗೆ ಬಂದು ಬೀಳುವ ವಸ್ತುವಲ್ಲ. ಎರಡು ಕಿವಿಗಳ ವರದಿಗಳನ್ನು ಹೋಲಿಸಿ ಮಿದುಳು ಲೆಕ್ಕಹಾಕಿ ಪಡೆಯತಕ್ಕ ಫಲವು.

ಆ ಲೆಕ್ಕದ ಮೊದಲ ಅಂಶ ಕಾಲ. ನಮ್ಮ ಕರಾವಳಿಯ ಬೆಚ್ಚನೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೫೦ ಮೀಟರಿನಂತೆ ಚಲಿಸುವುದು. ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿ ಎಡಗಿವಿಗೆ ಹೋಗಬೇಕು. ತಲೆಯನ್ನು ಎಂಟೂಮುಕ್ಕಾಲು ಸೆಂಟಿಮೀಟರು ತ್ರಿಜ್ಯದ ಗೋಳವೆಂದು ಭಾವಿಸಿ ಗಣಿತಮಾಡಿದರೆ, ಸದ್ದು ನೇರವಾಗಿ ಪಕ್ಕದಿಂದ ಬಂದಾಗ ಎರಡು ಕಿವಿಗಳ ನಡುವಣ ಅಂತರವು ಸೆಕೆಂಡಿನ ಸಾವಿರದಲ್ಲೊಂದು ಅಂಶಕ್ಕೂ ಕಡಿಮೆ, ಅಂದರೆ ಸುಮಾರು ೦.೬೪ ಮಿಲಿಸೆಕೆಂಡು ಎಂದು ಬರುತ್ತದೆ. ಇದು ಅತ್ಯಧಿಕವಾದ ಅಂತರ. ಮುಖದ ನೇರಕ್ಕಿರುವ ಸದ್ದು ಒಂದು ಡಿಗ್ರಿಯಷ್ಟು ಪಕ್ಕಕ್ಕೆ ಸರಿದರೆ ಆಗುವ ಅಂತರವು ಸೆಕೆಂಡಿನ ಲಕ್ಷದಲ್ಲೊಂದು ಅಂಶಕ್ಕಿಂತಲೂ ತುಸು ಕಡಿಮೆ. ಇಷ್ಟು ಸೂಕ್ಷ್ಮವಾದ ಭೇದವನ್ನೂ ಮನುಷ್ಯನ ಶ್ರವಣವು ಗುರುತಿಸಬಲ್ಲುದೆಂಬುದು ಪ್ರಯೋಗಗಳಿಂದ ಸಿದ್ಧವಾಗಿದೆ. ಒಂದು ನರದ ಸ್ಪಂದನವೇ ಇದರ ನೂರುಪಾಲು ಕಾಲ ಹಿಡಿಯುವುದೆಂಬುದನ್ನು ನೆನೆದರೆ ಸೋಜಿಗವೆನಿಸದೆ ಇರದು.

ಎರಡನೆಯ ಅಂಶ ಬಲ. ತಲೆಯು ಬೆಳಕಿಗೆ ನೆರಳು ಕೊಡುವಂತೆ ಸದ್ದಿಗೂ ನೆರಳು ಕೊಡುವುದು. ಆದರೆ ಎಲ್ಲ ಸದ್ದಿಗೂ ಅಲ್ಲ. ಕೆರೆಯ ದೊಡ್ಡ ಅಲೆಯು ನಟ್ಟ ಗೂಟವನ್ನು ಲೆಕ್ಕಿಸದೆ ಬಳಸಿ ಹೋಗುವಂತೆ, ಮದ್ದಳೆಯ ಎಡಗಡೆಯ ತಗ್ಗಿದ ನಾದದ ಉದ್ದನೆಯ ಅಲೆಯು ತಲೆಯನ್ನು ಬಳಸಿ ಹೋಗುವುದು. ತಾಳದ ಕಿಣಿಕಿಣಿಯ ಕಿರಿಯ ಅಲೆಗೆ ತಲೆಯೇ ದೊಡ್ಡ ಗುಡ್ಡವಾಗಿ, ಆಚೆಯ ಕಿವಿಗೆ ಅದು ಬಹಳ ಕುಂದಿ ತಲಪುವುದು; ಅತಿ ಎತ್ತರದ ನಾದಗಳಲ್ಲಿ ಈ ಭೇದವು ೨೦ ಡೆಸಿಬೆಲ್ಲಿನವರೆಗೂ ಹೋಗಬಹುದು. ಈ ಎರಡು ಅಂಶಗಳನ್ನೂ ಕೂಡಿಸಿ, ತಗ್ಗುನಾದಗಳಿಗೆ ಕಾಲಭೇದ, ಎತ್ತರದ ನಾದಗಳಿಗೆ ಬಲಭೇದ ಎಂಬ ದ್ವಿಮುಖಸಿದ್ಧಾಂತವನ್ನು ೧೯೦೭ರಲ್ಲಿ ನೆಲೆಗೊಳಿಸಿದವನು ಆಂಗ್ಲವಿಜ್ಞಾನಿಯಾದ ಲಾರ್ಡ್ ರೇಲೀ. ಎರಡರ ನಡುವಣ ಗಡಿಯು ಸೆಕೆಂಡಿಗೆ ಸುಮಾರು ೧೫೦೦ ಕಂಪನಗಳ ಸುತ್ತಮುತ್ತ ಇರುವುದು. ಅದಕ್ಕೆ ಮೂವತ್ತು ವರ್ಷಗಳ ಮೊದಲೇ ಆತನು ಹುಲ್ಲುಗಾವಲಿನ ನಡುವೆ ಕಣ್ಣುಮುಚ್ಚಿ ನಿಂತು, ಸುತ್ತಲೂ ಸಹಾಯಕರನ್ನು ನಿಲ್ಲಿಸಿ ಪರೀಕ್ಷೆಗಳನ್ನು ಮಾಡಿದ್ದನು. ಮಾತಾಡಿದರೆ ಯಾರು ಮುಂದೆ, ಯಾರು ಹಿಂದೆ ಎಂಬುದು ಆತನಿಗೆ ತಿಳಿಯುತ್ತಿತ್ತು. ಶ್ರುತಿಕವಲುಗಳ ಶುದ್ಧನಾದವಾದರೆ ಎಡಬಲಗಳು ಮಾತ್ರ ತಿಳಿಯುತ್ತಿದ್ದುವು, ಹಿಂದುಮುಂದು ತಿಳಿಯುತ್ತಿರಲಿಲ್ಲ.

ಕಾಲಭೇದವನ್ನು ನರಗಳು ಅಳೆಯುವುದೆಂತು? ೧೯೪೮ರಲ್ಲಿ ಅಮೆರಿಕದ ಲಾಯ್ಡ್ ಜೆಫ್ರೆಸ್ ಒಂದು ಸುಂದರವಾದ ಊಹೆಯನ್ನು ಮುಂದಿಟ್ಟನು. ಎರಡು ಕಿವಿಗಳಿಂದಲೂ ಹೊರಟ ನರತಂತುಗಳು ಎದುರುಬದುರಾಗಿ ಬಂದು ಒಂದು ಸಾಲಿನ ಜೀವಕೋಶಗಳನ್ನು ಮುಟ್ಟುತ್ತವೆಯೆಂದೂ, ಎರಡು ಸುದ್ದಿಗಳೂ ಒಟ್ಟಿಗೆ ತಲಪಿದ ಕೋಶ ಮಾತ್ರ ಎಚ್ಚರಗೊಳ್ಳುವುದೆಂದೂ ಆತನ ಅಭಿಪ್ರಾಯ. ಬಂಟ್ವಾಳದಿಂದಲೂ ಬೆಳ್ತಂಗಡಿಯಿಂದಲೂ ಒಂದೇ ವೇಗದಲ್ಲಿ ಎದುರುಬದುರಾಗಿ ಹೊರಟ ಇಬ್ಬರು ಓಲೆಕಾರರು ದಾರಿಯಲ್ಲಿ ಎಲ್ಲಿ ಸಂಧಿಸಿದರೆಂಬುದರಿಂದ ಯಾರು ಎಷ್ಟು ಮುಂಚೆ ಹೊರಟರೆಂದು ತಿಳಿಯಬಹುದಲ್ಲವೆ? ಹಾಗೆ. ಗೂಬೆಯ ಮಿದುಳಿನಲ್ಲಿ ಈ ಊಹೆಗೆ ಬಲವಾದ ಸಾಕ್ಷ್ಯ ದೊರೆಯಿತು; ಮನುಷ್ಯನೇ ಮೊದಲಾದ ಸ್ತನಿಗಳಲ್ಲಿ ಏರ್ಪಾಡು ಇದೇ ರೂಪದ್ದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಗೂಬೆಯ ಮಾತು ಬಂದುದರಿಂದ ಹೇಳುತ್ತೇನೆ: ನಿಜವಾದ ಶಬ್ದವೇಧಿಯೆಂಬ ಬಿರುದು ಸಲ್ಲತಕ್ಕುದು ಈ ಹಕ್ಕಿಗೇ. ಬಿಳಿಯ ಹೃದಯಾಕಾರದ ಮುಖವುಳ್ಳ ಕಣಜಗೂಬೆಯು ಒಂದಿಷ್ಟೂ ಬೆಳಕಿಲ್ಲದ ಕೋಣೆಯಲ್ಲಿ ತರಗೆಲೆಯ ಮೇಲೆ ಓಡುವ ಇಲಿಯನ್ನು ಸದ್ದಿನಿಂದಲೇ ಹಿಡಿಯುವುದೆಂದು ರೋಜರ್ ಪೇನ್ ಎಂಬವನು ತೋರಿಸಿದನು. ಆತನ ಸವಿಸ್ತರವಾದ ಪ್ರಬಂಧವು ೧೯೭೧ರಲ್ಲಿ ಪ್ರಕಟವಾಯಿತು. ಅದರ ಎರಡು ಕಿವಿದೂತುಗಳು ಒಂದೇ ಮಟ್ಟದಲ್ಲಿಲ್ಲ, ಒಂದು ಮೇಲೆ, ಒಂದು ಕೆಳಗೆ. ಆದಕಾರಣ ಬಲಭೇದವು ಅದಕ್ಕೆ ಎತ್ತರವನ್ನೂ, ಕಾಲಭೇದವು ಎಡಬಲವನ್ನೂ ತಿಳಿಸುವುವು. ೧೯೭೮ರಲ್ಲಿ ನುಡ್ಸೆನ್, ಕೊನಿಷಿ ಎಂಬ ವಿದ್ವಾಂಸರು ಗೂಬೆಯ ಮಿದುಳಿನಲ್ಲಿ ಸದ್ದುಗಳ ಎಡೆಗೆ ತಕ್ಕ ಭೂಪಟವೇ ಇರುವುದನ್ನು ಕಂಡರು. ಕಿವಿ ಕೊಡದ ಪಟವನ್ನು ಮಿದುಳು ತಾನೇ ಬರೆದುಕೊಂಡಂತಾಯಿತು.

ಮನುಷ್ಯನ ಕಿವಿಗಳಾದರೋ ಒಂದೇ ಮಟ್ಟದಲ್ಲಿವೆ. ಮುಖದ ನೇರ ಮುಂದೆ, ನೆತ್ತಿಯ ಮೇಲೆ, ಬೆನ್ನ ಹಿಂದೆ ಎಲ್ಲಿ ಸದ್ದಾದರೂ ಎರಡು ಕಿವಿಗಳಿಗೂ ಏಕಕಾಲದಲ್ಲಿ ಸಮಬಲವಾಗಿಯೇ ತಲಪುವುದು. ಇಲ್ಲಿ ನಮಗೆ ಎರಡು ಉಪಾಯಗಳಿವೆ. ಒಂದು, ತಲೆಯನ್ನು ತಿರುಗಿಸುವುದು. ತಲೆಯನ್ನು ಬಲಕ್ಕೆ ತಿರುಗಿಸಿದಾಗ ಮುಂದಿನ ಸದ್ದು ಎಡಗಿವಿಗೆ ಮೊದಲು ಮುಟ್ಟುವುದು, ಹಿಂದಿನದು ಬಲಗಿವಿಗೆ. ಇದರ ಮಹತ್ತ್ವವನ್ನು ೧೯೪೦ರಲ್ಲಿ ಹಾನ್ಸ್ ವಾಲಖ್ ಸಪ್ರಮಾಣವಾಗಿ ತೋರಿಸಿದನು. ಇನ್ನೊಂದು, ಹೊರಗಿವಿಯ ಮಡಿಕೆಗಳು. ಈ ಏರುತಗ್ಗುಗಳನ್ನು ಓಲೆ ಚುಚ್ಚಲಿಕ್ಕಾಗಿ ದೇವರು ಕೊಟ್ಟ ಎಡೆಯೆಂದು ಮಾತ್ರ ತಿಳಿದವರು ಬಹುಮಂದಿ. ಆದರೆ ಸದ್ದು ಅಲ್ಲಿ ತಾಗಿ ಮರಳಿ ಕಿವಿದೂತನ್ನು ಹೊಗುವಾಗ, ಬಂದ ದಿಕ್ಕಿಗನುಸಾರವಾಗಿ ಕೆಲವು ಎತ್ತರದ ಕಂಪನಗಳು ಕುಗ್ಗುವುವು, ಕೆಲವು ಹಿಗ್ಗುವುವು. ಪ್ರತಿಯೊಂದು ದಿಕ್ಕೂ ಸದ್ದಿನ ಬಣ್ಣದ ಮೇಲೆ ತನ್ನ ಮುದ್ರೆಯನ್ನೊತ್ತಿ ಕಳುಹಿಸುವುದು. ರೇಲೀಯ ಶುದ್ಧನಾದದಲ್ಲಿ ಒಂದೇ ಕಂಪನವಿದ್ದುದರಿಂದ ಮುದ್ರೆಯೊತ್ತಲು ಎಡೆಯಿರಲಿಲ್ಲ, ಮಾತಿನಲ್ಲಿ ಇತ್ತು.

ಒಬ್ಬೊಬ್ಬರ ಕಿವಿಯ ಮಡಿಕೆಗಳು ಒಂದೊಂದು ರೀತಿ. ಹಾಗಾದರೆ ಈ ಮುದ್ರೆಗಳ ಅರ್ಥವನ್ನು ಪ್ರತಿಯೊಬ್ಬನೂ ತನ್ನ ಕಿವಿಯಿಂದಲೇ ಕಲಿತುಕೊಳ್ಳಬೇಕಷ್ಟೆ. ೧೯೯೮ರಲ್ಲಿ ನೆದರ್‌ಲೆಂಡಿನ ಹೋಫ್‌ಮನ್ ಮೊದಲಾದವರು ಕೆಲವರ ಕಿವಿಯ ಬಟ್ಟಲಿಗೆ ಅಚ್ಚುಗಳನ್ನು ತೊಡಿಸಿ ಅದರ ಆಕಾರವನ್ನೇ ಬದಲಿಸಿದರು. ತತ್‌ಕ್ಷಣವೇ ಅವರಿಗೆ ಸದ್ದಿನ ಮೇಲುಕೆಳಗು ತಿಳಿಯದಾಯಿತು. ಎಡಬಲದ ಅರಿವು ಕೆಡಲಿಲ್ಲ. ಅಚ್ಚನ್ನು ತೊಟ್ಟುಕೊಂಡೇ ದಿನಚರಿಯನ್ನು ನಡಸಿದಾಗ ಕೆಲವು ವಾರಗಳಲ್ಲಿ ಹೊಸ ಕಿವಿಗೆ ಹೊಂದಿಕೊಂಡರು. ಅಚ್ಚರಿಯ ಸಂಗತಿಯೆಂದರೆ, ಅಚ್ಚನ್ನು ತೆಗೆದ ಕೂಡಲೇ ಹಳೆಯ ಅರಿವು ಇದ್ದಂತೆಯೇ ಮರಳಿತು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಮಡಂತ್ಯಾರಿನ ಹುಡುಗನು ಶಾಲೆಯಲ್ಲಿ ಕನ್ನಡವನ್ನು ಕಲಿತರೆ ಮನೆಮಾತನ್ನು ಮರೆಯುವನೆ? ಕಿವಿಯ ಪಾಠವೂ ಅಂತಹದೇ. ಹೊಸದು ಹಳೆಯದನ್ನು ಅಳಿಸದು.

ಇಷ್ಟನ್ನು ತಿಳಿದ ಮೇಲೆ ನಮ್ಮ ರನ್ನನ ಗದಾಯುದ್ಧದ ಪ್ರಸಿದ್ಧವಾದ ಸನ್ನಿವೇಶವನ್ನು ನೋಡೋಣ. ವೈಶಂಪಾಯನಸರೋವರದಲ್ಲಿ ಮುಳುಗಿರುವ ದುರ್ಯೋಧನನು ದಡದ ಮೇಲಿನ ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗೂ ಬೆವರುವನು. ಭೌತಶಾಸ್ತ್ರವು ಇಲ್ಲಿ ಕವಿಗೆ ಸಹಾಯಕವಾಗಿಲ್ಲ; ಗಾಳಿಯಿಂದ ನೀರಿಗೆ ತಾಗಿದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಹೊಗುವುದು, ಉಳಿದುದೆಲ್ಲವೂ ಮೇಲಕ್ಕೇ ಮರಳುವುದು. ಆದರೂ ಭೀಮನ ದನಿಯಲ್ಲವೆ, ಸಾವಿರಕ್ಕೊಂದು ಪಾಲೂ ಸಾಕೆನ್ನೋಣ. ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೧೫೦೦ ಮೀಟರು. ಆದಕಾರಣ ಎರಡು ಕಿವಿಗಳ ನಡುವಣ ಕಾಲಭೇದವು ಗಾಳಿಯಲ್ಲಿದ್ದುದರ ನಾಲ್ಕರಲ್ಲೊಂದಂಶಕ್ಕೂ ಕಡಿಮೆಯಾಗುವುದು. ತಲೆಯ ಸಾಂದ್ರತೆಯು ನೀರಿನ ಸಾಂದ್ರತೆಗೆ ಸಮೀಪವಾದುದರಿಂದ ಸದ್ದಿನ ನೆರಳೂ ಬಹುಮಟ್ಟಿಗೆ ಇಲ್ಲವಾಗುವುದು. ಸದ್ದು ತಲೆಬುರುಡೆಯ ಮೂಲಕವೇ ಎರಡು ಒಳಗಿವಿಗಳನ್ನೂ ಸೇರುವುದು. ಫಲವೇನೆಂದರೆ, ಭೀಮನು ಬಂದಿದ್ದಾನೆಂಬುದು ದುರ್ಯೋಧನನಿಗೆ ತಿಳಿಯಬಹುದು. ಯಾವ ದಡದಲ್ಲಿ ನಿಂತಿದ್ದಾನೆಂಬುದು ತಿಳಿಯದು. ಸುತ್ತಲಿನಿಂದಲೂ, ತನ್ನ ತಲೆಯೊಳಗಿನಿಂದಲೂ ಭೀಮನೇ ಗರ್ಜಿಸಿದಂತಾಗುವುದು. ಬೆವರಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ? ರನ್ನನು ಇದನ್ನು ಅರಿತು ಬರೆದನೆಂದು ನಾನು ವಾದಿಸುವುದಿಲ್ಲ. ಆದರೆ ಈ ಪದ್ಯಭಾಗವನ್ನು ಬೋಧಿಸುವ ಉಪಾಧ್ಯಾಯನು, ಕೆರೆಯಲ್ಲಿ ಮುಳುಗಿ ಈಜಬಲ್ಲ ಹುಡುಗರನ್ನೇ ಈ ಅನುಭವದ ವಿಷಯ ಕೇಳಿ ನೋಡಬಹುದು.

ದಶರಥನ ಲೆಕ್ಕವನ್ನೂ ಮುಗಿಸಿಬಿಡೋಣ. ಮುಖದ ನೇರಕ್ಕೆ ಇರುವ ಸದ್ದು ಒಂದು ಡಿಗ್ರಿ ಸರಿದರೂ ‘ಸರಿಯಿತು’ ಎಂದು ನಮಗೆ ತಿಳಿಯುವುದೇನೋ ಸರಿ. ಆದರೆ ಸರಿದುದನ್ನು ತಿಳಿಯುವುದು ಬೇರೆ, ‘ಇಲ್ಲಿಯೇ’ ಎಂದು ಬೆರಳುಮಾಡಿ ತೋರಿಸುವುದು ಬೇರೆ. ಅದರಲ್ಲಿ ಕೆಲವು ಡಿಗ್ರಿಗಳ ಪ್ರಮಾದ ಸಹಜ. ಮೂರು ಡಿಗ್ರಿಯ ಪ್ರಮಾದವು ಐವತ್ತು ಮೀಟರಿನಾಚೆ ಎರಡೂವರೆ ಮೀಟರಿಗಿಂತ ಹೆಚ್ಚಾಗುವುದು. ಹತ್ತು ಮೀಟರಿನಲ್ಲಾದರೆ ಅರ್ಧ ಮೀಟರು ಮಾತ್ರ. ದೂರವನ್ನು ಅಳೆಯುವುದರಲ್ಲಂತೂ ಕಿವಿಯು ಬಹಳ ದುರ್ಬಲವಾದುದು. ಹಾಗಾಗಿ ಸಮೀಪದ ಗುರಿಯ ಮಟ್ಟಿಗೆ, ರಾತ್ರಿಯಲ್ಲಿ ಅಭ್ಯಾಸಮಾಡಿದವನ ಮಟ್ಟಿಗೆ, ಶಬ್ದವೇಧಿತ್ವವು ಅಸಂಭಾವ್ಯವೇನೂ ಅಲ್ಲ. ಕೊಡ ತುಂಬುವ ಸದ್ದು ಬಿಟ್ಟುಬಿಟ್ಟು ಬರುವ, ನಾನಾ ಕಂಪನಗಳಿಂದ ಕೂಡಿದ ಸದ್ದು. ಗುರಿಯಿಡುವವನಿಗೆ ಬಹಳ ಅನುಕೂಲವಾದುದು. ಅದೇ ಆ ಬಾಲಕನ ದುರ್ದೈವ.

ಎಲ್ಲ ಸದ್ದುಗಳೂ ಹೀಗೆ ತಮ್ಮ ಎಡೆಯನ್ನು ಬಿಟ್ಟುಕೊಡುವುದಿಲ್ಲ. ಮಳೆಗಾಲದ ರಾತ್ರಿ ಕೋಣೆಯ ಮೂಲೆಯಲ್ಲಿ ಕುಳಿತು ಒಂದೇ ಸಮನೆ ಕಿರ್ರೆನ್ನುವ ಹುಳವನ್ನು ಹುಡುಕಿ ಸೋತವರು ಇದನ್ನು ಬಲ್ಲರು. ಅದರ ನಾದದಲ್ಲಿ ಕಂಪನವೈವಿಧ್ಯವಿಲ್ಲ, ತೊಡಗುವಿಕೆಯ ಪೆಟ್ಟಿಲ್ಲ. ಗೋಡೆಗಳಿಂದ ಮರಳಿದ ಸದ್ದು ಮೂಲದೊಡನೆ ಬೆರೆತು ಗುರುತು ಕೆಡಿಸುವುದು. ಗಿಡುಗನನ್ನು ಕಂಡ ಸಣ್ಣ ಹಕ್ಕಿಗಳಲ್ಲಿ ಕೆಲವು ಇಂತಹುದೇ ಸಣ್ಣನೆಯ, ಮೆಲ್ಲನೆ ತೊಡಗಿ ಮೆಲ್ಲನೆ ಅಡಗುವ ದನಿಯಲ್ಲಿ ಎಚ್ಚರಿಕೆಯನ್ನು ಕೊಡುವುವೆಂದು ೧೯೫೫ರಲ್ಲಿ ಪೀಟರ್ ಮಾರ್ಲರ್ ಗಮನಿಸಿ ಬರೆದನು. ಬಂಧುಗಳಿಗೆ ಸುದ್ದಿ ಮುಟ್ಟಬೇಕು, ಗಿಡುಗನಿಗೆ ಎಡೆ ತಿಳಿಯಬಾರದು.

ಚೆಂಡೆಯು ಇದಕ್ಕೆ ತೀರ ವಿರುದ್ಧವಾದುದು. ದೀಪಾವಳಿಯ ಬಳಿಕ ಪತ್ತನಾಜೆಯವರೆಗೆ ದಕ್ಷಿಣ ಕನ್ನಡದಲ್ಲಿ ಮೇಳಗಳ ತಿರುಗಾಟ. ಬಂಟ್ವಾಳ ಬೆಳ್ತಂಗಡಿಗಳ ನಡುವೆ ಮಡಂತ್ಯಾರಿನ ಸುತ್ತಲಿನ ಊರುಗಳು ಮುರಕಲ್ಲಿನ ಗುಡ್ಡ, ಅಡಕೆಯ ತೋಟ, ಬಯಲು ಎಂದು ಏರಿಳಿಯುವ ನೆಲ. ಆಟವಿದೆಯೆಂದು ಸಾರಲು ಮುಸ್ಸಂಜೆಯಲ್ಲಿ ಬಾರಿಸುವ ವಾದ್ಯಕ್ಕೆ ‘ಕೇಳಿ’ ಎಂದೇ ಹೆಸರು. ಚೆಂಡೆಯ ಒಂದೊಂದು ಪೆಟ್ಟೂ ಹರಿತವಾಗಿ ತೊಡಗಿ ತಗ್ಗಿನಿಂದ ಎತ್ತರದವರೆಗಿನ ಕಂಪನಗಳನ್ನೆಲ್ಲ ಒಟ್ಟಿಗೆ ಎಬ್ಬಿಸುವುದರಿಂದ ಕಾಲಭೇದ, ಬಲಭೇದ, ಹೊರಗಿವಿಯ ಮುದ್ರೆ ಮೂರೂ ಕಿವಿಗೆ ಒದಗುವುವು. ಮೋಡವಿಲ್ಲದ ರಾತ್ರಿ ನೆಲ ಬೇಗನೆ ತಣಿದು, ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗುವುದು. ಆಗ ಸದ್ದು ಮೇಲಕ್ಕೆ ಹಾರಿಹೋಗದೆ ಕೆಳಕ್ಕೆ ಬಾಗಿ ಬಹುದೂರ ಸಾಗುವುದು. ಹಗಲಿನಲ್ಲಿ ಇದರ ವಿಪರೀತ. ಸೂಟೆ ಹಿಡಿದು ಹೊರಟವರು ಚೆಂಡೆಯ ಸದ್ದಿನ ಜಾಡಿನಲ್ಲೇ ಆಟದ ಬಯಲನ್ನು ಸೇರುತ್ತಿದ್ದುದಕ್ಕೆ ಇವೇ ಕಾರಣಗಳು. ಆದರೂ ನಡುವೆ ಗುಡ್ಡವಿದ್ದರೆ ಎದುರುಗುಡ್ಡದ ಮಾರ್ದನಿಯೇ ಮೊದಲು ಬಂದು ದಾರಿ ತಪ್ಪಿಸುವುದುಂಟು.

‘ಮೊದಲು ಬಂದು’ ಎಂಬ ಮಾತಿನಲ್ಲಿಯೇ ಇಡೀ ವಿಷಯದ ಗುಟ್ಟಿದೆ. ಕೋಣೆಯಲ್ಲಿ ಒಬ್ಬನು ಮಾತಾಡಿದರೆ ಅವನ ದನಿ ನೇರವಾಗಿಯೂ, ನಾಲ್ಕು ಗೋಡೆ, ಮಾಡು, ನೆಲಗಳಿಂದ ಮರಳಿಯೂ ನಮ್ಮನ್ನು ಮುಟ್ಟುವುದು. ಆರು ದಿಕ್ಕುಗಳಿಂದ ಬಂದರೂ ನಮಗೆ ಕೇಳುವುದು ಒಬ್ಬನ ಮಾತು, ಒಂದು ಎಡೆಯಿಂದ. ಮೊದಲು ತಲಪಿದ ಅಲೆಯ ದಿಕ್ಕನ್ನೇ ಕಿವಿಯು ನಂಬಿ, ಹಿಂದಿನಿಂದ ಬಂದುವನ್ನು ಅದರಲ್ಲಿಯೇ ಸೇರಿಸಿಕೊಳ್ಳುವುದು. ಇದನ್ನು ೧೯೪೯ರಲ್ಲಿ ಅಮೆರಿಕದಲ್ಲಿ ವಾಲಖ್ ಮತ್ತವನ ಸಂಗಡಿಗರೂ, ಜರ್ಮನಿಯಲ್ಲಿ ಹೆಲ್ಮುಟ್ ಹಾಸನೂ ಪರೀಕ್ಷಿಸಿ ನಿರೂಪಿಸಿದರು. ಇದಕ್ಕೆ ಅಗ್ರಾಗಮನದ ನಿಯಮವೆಂದು ಹೆಸರಿಡಬಹುದು. ಸೆಕೆಂಡಿನ ಸಾವಿರದಲ್ಲಿ ಐದರಿಂದ ಮೂವತ್ತು ಅಂಶಗಳಷ್ಟು ತಡವಾಗಿ ಬಂದ ಸದ್ದು ಮೊದಲಿನದಕ್ಕಿಂತ ಹತ್ತು ಡೆಸಿಬೆಲ್ಲಿನಷ್ಟು ಜೋರಾಗಿದ್ದರೂ ದಿಕ್ಕಿನ ತೀರ್ಮಾನವು ಮೊದಲಿನದರದ್ದೇ ಎಂದು ಹಾಸನು ಕಂಡನು.

ಈ ನಿಯಮವು ನಮ್ಮ ರಂಗಸ್ಥಳಕ್ಕೆ ಮಾಡಿದ ಕೇಡನ್ನೂ ಮಾಡಬಹುದಾದ ಉಪಕಾರವನ್ನೂ ವಿಚಾರಿಸಬೇಕು. ಧ್ವನಿವರ್ಧಕವು ಬಯಲಾಟಕ್ಕೆ ಬಂದು ದಶಕಗಳಾದುವು. ಸಭೆಯಲ್ಲಿ ಒಬ್ಬನು ರಂಗಸ್ಥಳದಿಂದ ಇಪ್ಪತ್ತು ಮೀಟರು ದೂರದಲ್ಲಿ, ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಐದು ಮೀಟರು ದೂರದಲ್ಲಿ ಕುಳಿತಿರುವನೆನ್ನೋಣ. ವೇಷಧಾರಿಯ ಸ್ವಂತ ದನಿ ಅವನನ್ನು ಮುಟ್ಟಲು ೫೭ ಮಿಲಿಸೆಕೆಂಡು ಬೇಕು. ತಂತಿಯಲ್ಲಿ ವಿದ್ಯುತ್ತಿಗೆ ತಡವಿಲ್ಲ. ಆದುದರಿಂದ ಕಂಬದ ದನಿಗೆ ೧೪ ಮಿಲಿಸೆಕೆಂಡು ಸಾಕು. ಕಂಬದ ದನಿ ೪೩ ಮಿಲಿಸೆಕೆಂಡು ಮುಂಚಿತವಾಗಿ, ಅದೂ ಜೋರಾಗಿ ಬರುವುದು. ಕಣ್ಣು ವೇಷವನ್ನು ಮುಂದೆ ಕಾಣುವುದು, ಕಿವಿ ಅದರ ಮಾತನ್ನು ಪಕ್ಕದ ಕಂಬದಲ್ಲಿ ಕೇಳುವುದು. ದೇವೇಂದ್ರನೂ ಕಂಬದಲ್ಲಿ, ಮಹಿಷಾಸುರನೂ ಅದೇ ಕಂಬದಲ್ಲಿ! ಸಭೆಯ ಹಿಂದಿನಿಂದ ಮಹಿಷಾಸುರನು ಆರ್ಭಟಿಸುತ್ತ ಬರುವಾಗ ಸಭಿಕರು ಬೆಚ್ಚಿ ಹಿಂದಿರುಗಿ ನೋಡುವ ಸಂಭ್ರಮವು ಆ ಕಾಲದಲ್ಲಿ ಕಿವಿಯದ್ದೇ ಆಗಿತ್ತು. ಪರಿಹಾರವು ಕಷ್ಟವಾದುದಲ್ಲ. ಕಂಬದ ದನಿಯನ್ನು ೫೫ ಮಿಲಿಸೆಕೆಂಡಿನಷ್ಟು ತಡೆದು ಬಿಟ್ಟರೆ ವೇಷಧಾರಿಯ ಸಹಜವಾದ ದನಿ ೧೨ ಮಿಲಿಸೆಕೆಂಡು ಮೊದಲು ಬಂದು ದಿಕ್ಕನ್ನು ಹೇಳುವುದು. ಹಿಂದಿನಿಂದ ಬಂದ ಕಂಬದ ದನಿ ಬಲವನ್ನು ಮಾತ್ರ ಕೂಡಿಸುವುದು. ಲಂಡನ್ನಿನ ಸಂತ ಪಾಲರ ದೇವಾಲಯದಲ್ಲಿ ೧೯೫೦ರ ದಶಕದ ಆರಂಭದಲ್ಲಿಯೇ ತಿರುಗುವ ಅಯಸ್ಕಾಂತ ತಟ್ಟೆಯಿಂದ ಇಂತಹ ತಡೆಯನ್ನು ಏರ್ಪಡಿಸಿದ್ದರು. ಈಗ ಅದು ಅಂಗೈಯಗಲದ ಪೆಟ್ಟಿಗೆಯ ಕೆಲಸ. ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ, ಜೋರೇ ಸೊಗಸೆಂಬ ಭ್ರಮೆಯನ್ನು ಬಿಡುವ ಮನಸ್ಸು.

ಅದೇ ಸಂತ ಪಾಲರ ಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ನಮ್ಮ ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿ ಪರೀಕ್ಷಿಸಿ, ಸದರ್ಲೆಂಡನೊಡನೆ ಅದರ ವಿಷಯ ಬರೆದರು. ಕನ್ನಡನಾಡಿನಲ್ಲಿ ಇದಕ್ಕೆ ಸರಿದೊರೆಯಾದುದು ವಿಜಾಪುರದ ಗೋಳಗುಮ್ಮಟ. ಒಳವ್ಯಾಸ ಸುಮಾರು ೩೮ ಮೀಟರು. ಗುಮ್ಮಟದ ಬುಡದ ಮೊಗಸಾಲೆಯಲ್ಲಿ ಒಬ್ಬನು ಗೋಡೆಯತ್ತ ಪಿಸುಗುಟ್ಟಿದರೆ ಆಚೆಯ ಬದಿಯಲ್ಲಿರುವವನಿಗೆ ತನ್ನ ಪಕ್ಕದ ಗೋಡೆಯೇ ಮಾತಾಡಿದಂತೆ ಕೇಳುವುದು. ಪಿಸುಮಾತಿನ ಅಲೆಯು ಬಾಗಿದ ಗೋಡೆಯನ್ನು ತಬ್ಬಿಕೊಂಡು ಹರಿದು ಬಂದುದೇ ಇದಕ್ಕೆ ಕಾರಣ. ಕಿವಿಯು ಹೇಳುವುದು ಸದ್ದು ಹುಟ್ಟಿದ ಎಡೆಯನ್ನಲ್ಲ, ಅದು ಬಂದು ಮುಟ್ಟಿದ ದಿಕ್ಕನ್ನು. ಚಪ್ಪಾಳೆ ತಟ್ಟಿದರೆ ಮಾತ್ರ ಬೇರೆ ಸಂಗತಿ: ಎದುರುಗೋಡೆಗೆ ಹೋಗಿ ಮರಳುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದಂಶಕ್ಕಿಂತ ಹೆಚ್ಚು ಕಾಲ ಕಳೆಯುವುದರಿಂದ ಅಗ್ರಾಗಮನದ ನಿಯಮವು ಅದನ್ನು ಒಳಗೊಳ್ಳಲಾರದು, ಮಾರ್ದನಿಯು ಬೇರೆಯಾಗಿಯೇ ಕೇಳಿಸುವುದು.

ಕಿವಿಗೆ ಈ ರೀತಿ ಮುಟ್ಟಿದುದೇ ಪ್ರಮಾಣವಾದರೆ, ಮುಟ್ಟತಕ್ಕುದನ್ನು ಕೃತಕವಾಗಿ ಒದಗಿಸಿ ಇಲ್ಲದ ಎಡೆಯಲ್ಲಿ ಸದ್ದನ್ನು ಕಾಣಿಸಬಹುದಲ್ಲವೆ? ದೇಶಬದ್ಧ ಧ್ವನಿಮುದ್ರಣದ ಮೂಲವು ಇದೇ. ೧೮೮೧ರಲ್ಲಿ ಪ್ಯಾರಿಸಿನ ವಿದ್ಯುತ್‌ಪ್ರದರ್ಶನದಲ್ಲಿ ಕ್ಲೆಮಾಂ ಅಡೇರನು ನಾಟ್ಯಶಾಲೆಯ ರಂಗದ ಮೇಲೆ ದೂರವಾಣಿಯ ಗ್ರಾಹಕಗಳನ್ನು ಜೋಡಿಜೋಡಿಯಾಗಿ ಇಟ್ಟು, ದೂರದ ಶ್ರೋತೃಗಳ ಎರಡು ಕಿವಿಗಳಿಗೆ ಎರಡು ತಂತಿಗಳನ್ನು ಕೊಟ್ಟನು. ಗಾಯಕರು ರಂಗದ ಮೇಲೆ ಓಡಾಡುವುದು ಅವರಿಗೆ ಕೇಳಿಸಿತು. ಬಳಿಕ ಐವತ್ತು ವರ್ಷಕ್ಕೆ, ೧೯೩೧ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್ ಎರಡು ಧ್ವನಿವರ್ಧಕಗಳಿಂದ ಇದನ್ನು ಸಾಧಿಸುವ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಚಲಚ್ಚಿತ್ರದಲ್ಲಿ ನಟನು ತೆರೆಯ ಈ ತುದಿಯಿಂದ ಆ ತುದಿಗೆ ನಡೆದರೂ ಅವನ ದನಿ ಒಂದೇ ಎಡೆಯಲ್ಲಿ ನಿಂತಿರುವುದು ಆತನನ್ನು ಕಾಡಿತೆಂದು ಹೇಳುವರು. ನಮ್ಮ ಕಂಬದ ತೊಂದರೆಯೇ! ೧೯೩೩ರ ಏಪ್ರಿಲಿನಲ್ಲಿ ಬೆಲ್ ಪ್ರಯೋಗಶಾಲೆಯವರು ಫಿಲಡೆಲ್ಫಿಯದ ವಾದ್ಯಮೇಳವನ್ನು ಮೂರು ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭೆಗೆ ಕೇಳಿಸಿದರು. ಎರಡು ಧ್ವನಿವರ್ಧಕಗಳಿಂದ ಒಂದೇ ಸದ್ದು ಸಮವಾಗಿ ಹೊರಟರೆ ನಡುವಣ ಬರಿದಾದ ಎಡೆಯಲ್ಲಿ ಗಾಯಕನು ನಿಂತಂತೆ ತೋರುವುದು ಈಗ ಎಲ್ಲರ ಮನೆಯಲ್ಲಿಯೂ ಇರುವ ಅನುಭವ.

ಹೆಡ್‌ಫೋನಿನಲ್ಲಿ ಕಥೆ ಬೇರೆ. ಅಲ್ಲಿ ಎಡಬಲಗಳನ್ನು ಎಷ್ಟು ಹೊಂದಿಸಿದರೂ ಗಾಯಕನು ತಲೆಯೊಳಗೆ ಕುಳಿತು ಹಾಡುವನು. ಏಕೆಂದರೆ ಸದ್ದು ಹೊರಗಿವಿಯ ಮುದ್ರೆಯನ್ನು ಹೊತ್ತು ಬಂದಿಲ್ಲ, ತಲೆ ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ಮನುಷ್ಯನ ತಲೆಯಂತೆ ಬೊಂಬೆಯನ್ನು ಮಾಡಿ ಅದರ ಕಿವಿದೂತುಗಳಲ್ಲಿ ಮೈಕುಗಳನ್ನಿಟ್ಟು ಮುದ್ರಿಸುವುದು ಒಂದು ಉಪಾಯ. ಪ್ರತಿಯೊಂದು ದಿಕ್ಕಿನ ಮುದ್ರೆಯನ್ನೂ ಮೊದಲೇ ಅಳೆದಿಟ್ಟು ಬೇಕಾದ ಸದ್ದಿಗೆ ಗಣಕದಿಂದ ಒತ್ತುವುದು, ತಲೆಯ ತಿರುವನ್ನ್ನು ಅಳೆದು ಕೂಡಲೇ ಸದ್ದನ್ನು ಬದಲಿಸುವುದು ಇನ್ನೊಂದು. ಬೊಂಬೆಯ ಕಿವಿ ನನ್ನ ಕಿವಿಯಲ್ಲವಷ್ಟೆ. ಪರರ ಕಿವಿಯಿಂದ ಕೇಳಿದವನಿಗೆ ಮುಂದಿನದು ಹಿಂದೆ, ಮೇಲಿನದು ಕೆಳಗೆ ತೋರುವುದುಂಟು.

ಇದನ್ನೆಲ್ಲ ಸಾಹಿತ್ಯಪತ್ರಿಕೆಯಲ್ಲಿ ವಿಸ್ತರಿಸುವುದಕ್ಕೆ ಕಾರಣವಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ನಡುವೆ ಹಿಮ್ಮೇಳ, ಎರಡು ಬದಿಗಳಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಎಡೆಯೇ ಅಲ್ಲಿ ವೇಷ. ಬಲದಿಂದ ಬಂದುದು ಕರ್ಣನ ಮಾತು, ಎಡದಿಂದ ಬಂದುದು ಶಲ್ಯನದು ಎಂಬ ಅರಿವಿನಿಂದಲೇ ಶ್ರೋತೃವು ವಾದದ ಎಳೆಯನ್ನು ಹಿಡಿಯುವನು. ಇಬ್ಬರೂ ಒಮ್ಮೆಗೇ ಮಾತಾಡಿದಾಗ, ಅಥವಾ ಮಾತಿನ ಮೇಲೆ ಚೆಂಡೆ ಬಿದ್ದಾಗ, ಸದ್ದುಗಳು ಬೇರೆ ಬೇರೆ ಎಡೆಗಳಿಂದ ಬಂದರೆ ಒಂದನ್ನು ಹೆಕ್ಕಿ ಕೇಳುವುದು ಸುಲಭ. ಒಂದೇ ಎಡೆಯಿಂದ ಬಂದರೆ ಕಷ್ಟ. ಜನಸಂದಣಿಯಲ್ಲಿ ಒಬ್ಬನ ಮಾತನ್ನು ಹೆಕ್ಕಿ ಕೇಳುವ ಈ ಶಕ್ತಿಯನ್ನು ೧೯೫೩ರಲ್ಲಿ ಕಾಲಿನ್ ಚೆರಿ ಶಾಸ್ತ್ರೀಯವಾಗಿ ವಿಚಾರಿಸಿದನು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (೧೯೧೮–೨೦೦೬) ಅರ್ಥಧಾರಿಗಳ ಕೂಟಗಳು ನಮಗೆ ಉಳಿದಿರುವುದು ಬಹುಮಟ್ಟಿಗೆ ಕ್ಯಾಸೆಟ್ಟುಗಳಲ್ಲಿ. ಒಂದೇ ಮೈಕಿನಲ್ಲಿ ಹಿಡಿದ ಮುದ್ರಿಕೆಯಿಂದ ಬರೆದುಕೊಳ್ಳಲು ಕುಳಿತವನಿಗೆ, ವಾದವು ಕಾವೇರಿದ ಎಡೆಯಲ್ಲಿಯೇ, ಅಂದರೆ ಯಾವುದು ಬೇಕೋ ಅಲ್ಲಿಯೇ, ಮಾತು ಕಲಸಿಹೋಗಿರುವುದು.

ತುಳುವಿನ ಮೌಖಿಕಪರಂಪರೆಯಲ್ಲಿ ಈ ತೊಡಕು ಇನ್ನೂ ಹೆಚ್ಚಿನದು. ಮಡಂತ್ಯಾರಿನಿಂದ ದೂರವಲ್ಲದ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಡನೆ ೧೯೯೦ರಲ್ಲಿ ದಾಖಲಿಸಿ ೧೯೯೮ರಲ್ಲಿ ಪ್ರಕಟಿಸಿದರು. ಅದರ ಸಾಲುಗಳು ೧೫,೬೮೩. ಒಬ್ಬನೇ ಹಾಡುವ ಕಾವ್ಯಕ್ಕೆ ಒಂದು ಮೈಕು ಸಾಕು. ಆದರೆ ಸಿರಿಜಾತ್ರೆಯಲ್ಲಿ ಹಲವು ಗುಂಪುಗಳಲ್ಲಿ ಹಲವು ಸಿರಿಗಳು ಏಕಕಾಲದಲ್ಲಿ ಹಾಡುವರು, ನುಡಿಯುವರು, ಕುಮಾರನು ಒಬ್ಬೊಬ್ಬರನ್ನು ಮಾತಾಡಿಸುವನು. ಅಲ್ಲಿ ನಿಂತವನ ಎರಡು ಕಿವಿಗಳು ಒಂದೊಂದು ಕಂಠವನ್ನೂ ಬೇರೆಯಾಗಿ ಹಿಡಿಯಬಲ್ಲುವು. ಒಂದು ಮೈಕಿನ ಮುದ್ರಿಕೆಯಲ್ಲಿ ಅದು ಬರಿಯ ಗದ್ದಲ. ನೇಜಿ ನೆಡುವಾಗ ಒಬ್ಬಳು ಎತ್ತಿಕೊಟ್ಟ ಸಾಲನ್ನು ಗದ್ದೆಯುದ್ದಕ್ಕೂ ಬಾಗಿದ ಹೆಂಗಸರು ಮರಳಿಸುವ ಹಾಡಿನಲ್ಲಿಯೂ, ಎತ್ತುವ ಎಡೆ ಮರಳಿಸುವ ಎಡೆಗಳು ಹಾಡಿನ ಬಂಧದ ಭಾಗವೇ.

ಆದುದರಿಂದ ಈ ಕೆಲಸಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಕೆಲವು ಮಾತು. ತಾಳಮದ್ದಳೆಗೆ ಸಭೆಯ ಮುಂದಿನ ಸಾಲಿನ ನಡುವೆ, ಕುಳಿತವನ ಕಿವಿಯ ಎತ್ತರದಲ್ಲಿ, ಎರಡು ಮೈಕುಗಳನ್ನು ಒಂದೆಡೆ ಕೂಡಿಸಿ ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಓರೆಮಾಡಿ ನಿಲ್ಲಿಸತಕ್ಕದ್ದು. ಧ್ವನಿವರ್ಧಕದ ಯಂತ್ರದಿಂದ ತೆಗೆದ ದನಿಯೊಂದನ್ನೇ ನೆಚ್ಚತಕ್ಕುದಲ್ಲ, ಅದನ್ನು ಬೇರೆಯಾಗಿ ಇಟ್ಟುಕೊಳ್ಳಬಹುದು. ಸಿರಿಜಾತ್ರೆಯಂತಹ ಎಡೆಗಳಲ್ಲಿ ಸುತ್ತಲಿನ ಸದ್ದೆಲ್ಲವನ್ನೂ ದಿಕ್ಕಿನೊಡನೆ ಹಿಡಿಯುವ ನಾಲ್ಕು ಮುಖದ ಮೈಕು ದೊರೆತರೆ ಉತ್ತಮ. ಮುದ್ರಿಕೆಯೊಡನೆ ಯಾರು ಎಲ್ಲಿ ಕುಳಿತಿದ್ದರು, ಮೈಕು ಎಲ್ಲಿತ್ತು, ಯಾವ ಕಡೆಗೆ ಮುಖಮಾಡಿತ್ತು ಎಂಬ ಒಂದು ಗೆರೆಚಿತ್ರವನ್ನು ಕಾಗದದ ಮೇಲೆ ಬರೆದಿಡತಕ್ಕದ್ದು. ಎರಡು ವಾಹಿನಿಗಳ ಮುದ್ರಿಕೆಯನ್ನು ಜಾಗ ಉಳಿಸುವ ನೆಪದಿಂದ ಒಂದಾಗಿ ಬೆರಸಿ ಇಡಕೂಡದು. ಎರಡನ್ನು ಯಾವಾಗ ಬೇಕಾದರೂ ಒಂದು ಮಾಡಬಹುದು, ಒಂದಾದುದನ್ನು ಮತ್ತೆ ಎರಡು ಮಾಡುವುದು ಬಹಳ ಕಷ್ಟ.